ಚಿಲಕವಿರುವ ಕೋಣೆ

ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ದರ್ಶಿನಿಯೊಂದರಲ್ಲಿ, ಎದೆಯೆತ್ತರದ ಸ್ಟೀಲ್ ಮೇಜಿಗೆ ಮೊಣಕೈ ಊರಿ ನಿಂತು, ನಾವು ನಾಲ್ವರು ಹಳೆಯ ಸಹಪಾಠಿಗಳು ಇಡ್ಲಿ ಮುಗಿಸುವಷ್ಟರಲ್ಲಿ ಮಾತು ಎಂದಿನಂತೆ ವರ್ಕ್ ಫ್ರಮ್ ಹೋಮಿನ ಕಡೆಗೆ ಹೊರಳಿತು. ಶೀನನ ಕಂಪನಿಯವರು ವಾರದಲ್ಲಿ ಮೂರು ದಿನ ಆಫೀಸಿಗೆ ಬಂದು ಕಾರ್ಡು ಉಜ್ಜಲೇಬೇಕೆಂದು ಹೊಸ ಮೇಲ್ ಕಳಿಸಿದ್ದರು. ಸೋಮವಾರ ಮತ್ತು ಶುಕ್ರವಾರವಾದರೂ ಮನೆಯಲ್ಲಿರಲು ಬಿಟ್ಟದ್ದು ತನ್ನ ಹಿರಿಯರು ಮಾಡಿದ ಪುಣ್ಯವೆಂದು ಅವನು ನಿಟ್ಟುಸಿರಿಟ್ಟ.

"ಇದು ಸೋಮಾರಿತನವಲ್ಲ ಕಣಯ್ಯಾ" ಎಂದು ಅವನು ಚಟ್ನಿಯ ಸಾಕ್ಷಿಯಾಗಿ ಆರಂಭಿಸಿದ. "ಬನಶಂಕರಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಜನರೇ ನನ್ನನ್ನು ಹೊತ್ತು ಹಾಕಿದ ಮೇಲೆ, ವೈಟ್‌ಫೀಲ್ಡ್ ಬರುವ ತನಕ ಒಂಟಿ ಕಾಲಿನಲ್ಲಿ ನಿಂತಿರುತ್ತೇನೆ. ಭಗೀರಥನಿಗೆ ಇಂಥ ತಪಸ್ಸಿಗೆ ಗಂಗೆಯಾದರೂ ಸಿಕ್ಕಳು. ನನಗೆ ಸಿಗುವುದು ಒಂದು ಹೆಡ್‌ಫೋನು, ಅದರೊಳಗೆ ಪುಣೆಯಲ್ಲಿ ಕುಳಿತವನ ಧ್ವನಿ. ಆ ಧ್ವನಿಯನ್ನು ಬನಶಂಕರಿಯಿಂದಲೇ ಕೇಳಬಹುದಿತ್ತಲ್ಲ?"

ಮೂರ್ತಿ ಮ್ಯಾನೇಜರು, ಆದುದರಿಂದ ಅವನಿಗೆ ಆಫೀಸೇ ಕೈಲಾಸ. ಹೊಸದಾಗಿ ಸೇರಿದ ಹುಡುಗರು ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವುದನ್ನು ಲ್ಯಾಪ್‌ಟಾಪಿನ ಕಿಟಕಿಯಲ್ಲಿ ಕಲಿಯಲಾರರೆಂಬ ಅವನ ಮಾತನ್ನು ನಾನು ಮನಸ್ಸಿನಲ್ಲೇ ಒಪ್ಪಿಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಗೆಲ್ಲುತ್ತಿದ್ದ. ಆದರೆ "ಮನೆಯಲ್ಲಿ ನನಗೆ ಗುಡ್ ಮಾರ್ನಿಂಗ್ ಹೇಳುವವರೇ ಇಲ್ಲ, ಅಲ್ಲಿ ಮ್ಯಾನೇಜರ್ ಹುದ್ದೆ ಮದುವೆಯ ದಿನವೇ ಭರ್ತಿಯಾಗಿದೆ" ಎಂದೂ ಸೇರಿಸಿ, ತನ್ನ ಆಡಳಿತ ತತ್ತ್ವದ ಬೇರನ್ನು ತಾನೇ ತೋರಿಸಿಕೊಟ್ಟ.

ಗಾಯತ್ರಿ ಎಚ್‌ಆರ್ ವಿಭಾಗದವಳು, ಓದಿದ್ದನ್ನು ಮರೆಯುವವಳಲ್ಲ. "ಚೀನಾದ ಸೀಟ್ರಿಪ್ ಎಂಬ ಪ್ರವಾಸಿ ಕಂಪನಿಯ ಶಾಂಘೈ ಕಾಲ್ ಸೆಂಟರಿನ ಒಂದಷ್ಟು ನೌಕರರನ್ನು ಒಂಬತ್ತು ತಿಂಗಳು, ವಾರಕ್ಕೆ ನಾಲ್ಕು ದಿನ ಮನೆಯಿಂದ ಕೆಲಸ ಮಾಡಿಸಿ ನೋಡಿದರು. ಸ್ಟ್ಯಾನ್‌ಫರ್ಡಿನ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಅದನ್ನು 2015ರಲ್ಲಿ ಪ್ರಕಟಿಸಿದರು. ಕೆಲಸವೇನೋ ಶೇ. 13ರಷ್ಟು ಹೆಚ್ಚಿತು. ಆದರೆ ಕೊನೆಯಲ್ಲಿ ‘ಇನ್ನು ನಿಮ್ಮಿಷ್ಟ’ ಎಂದಾಗ, ಪ್ರಯೋಗದಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಮೊದಲಿನ ಆಯ್ಕೆಯನ್ನೇ ಬದಲಿಸಿದರು. ಮನೆಯಲ್ಲಿ ಕುಳಿತವರಿಗೆ ಒಂಟಿತನ ಹಿಡಿದಿತ್ತು."

ಮೂರ್ತಿಯ ಮುಖ ಅರಳಿತು. ಗಾಯತ್ರಿ ಅದನ್ನು ಹೆಚ್ಚು ಹೊತ್ತು ಅರಳಲು ಬಿಡಲಿಲ್ಲ. "ಅದೇ ಕಂಪನಿಯಲ್ಲಿ 1,612 ನೌಕರರ ಮೇಲೆ ನಡೆದ ಇನ್ನೊಂದು ಪ್ರಯೋಗ 2024ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆಯಲ್ಲಿ ಬಿಟ್ಟರೆ ಕೆಲಸ ಬಿಟ್ಟು ಹೋಗುವವರು ಮೂರನೇ ಒಂದರಷ್ಟು ಕಡಿಮೆಯಾದರು. ಹೆಂಗಸರಲ್ಲಿ, ದೂರದಿಂದ ಬರುವವರಲ್ಲಿ, ಮ್ಯಾನೇಜರ್ ಅಲ್ಲದವರಲ್ಲಿ ಇದು ಎದ್ದು ಕಂಡಿತು."

"ಮೊದಲನೆಯ ಪ್ರಯೋಗಕ್ಕೆ ಸೇರಲು ಒಂದು ಷರತ್ತಿತ್ತು, ಗೊತ್ತೇ?" ಎಂದು ಅವಳು ಕಾಫಿಯ ಲೋಟವನ್ನು ಕೆಳಗಿಟ್ಟಳು. "ಮನೆಯಲ್ಲಿ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಕೋಣೆಯಿರಬೇಕಿತ್ತು."

ನಾವು ಮೂವರು ಗಂಡಸರೂ ಸುಮ್ಮನಾದೆವು. ನನ್ನ ‘ಆಫೀಸು’ ಎಂದರೆ ಅಡುಗೆಮನೆಗೆ ಅಂಟಿಕೊಂಡ ಊಟದ ಮೇಜು. ಒಮ್ಮೆ ಕ್ಲೈಂಟ್ ಮೀಟಿಂಗಿನ ನಡುವೆ ನನ್ನ ಹೆಂಡತಿ ಕುಕ್ಕರನ್ನು ನನ್ನ ಸುಪರ್ದಿಗೆ ಒಪ್ಪಿಸಿ ಸ್ನಾನಕ್ಕೆ ಹೋಗಿದ್ದಳು. ಈ ಕೆಲಸಕ್ಕೆ ಎಷ್ಟು ವಾರ ಬೇಕೆಂದು ಅತ್ತ ಅವರು ಕೇಳುವುದಕ್ಕೂ, ಇತ್ತ ಕುಕ್ಕರು ಮೂರನೆಯ ಸಲ ಕೂಗುವುದಕ್ಕೂ, ಮ್ಯೂಟ್ ಆಗಿದೆಯೆಂಬ ಭ್ರಮೆಯಲ್ಲಿ ನಾನು ಬಚ್ಚಲುಮನೆಯ ಕಡೆ ತಿರುಗಿ "ತ್ರೀ ಆಯ್ತು!" ಎಂದು ಅರಚುವುದಕ್ಕೂ ಸರಿಹೋಯಿತು. ಆರು ವಾರದ ಕೆಲಸವನ್ನು ನಮ್ಮ ತಂಡ ಮೂರು ವಾರದಲ್ಲಿ ಮುಗಿಸಿತು. ಅನ್ನ ಮಾತ್ರ ಹದವಾಗಿತ್ತು.

"ನನ್ನನ್ನು ಕೇಳಿದರೆ, ಆಫೀಸಿನಲ್ಲಿ ನಾನು ಕಾಫಿಯನ್ನು ಬಿಸಿಯಿರುವಾಗಲೇ ಕುಡಿಯುತ್ತೇನೆ" ಎಂದಳು ಗಾಯತ್ರಿ. "ಮನೆಯಲ್ಲಿದ್ದರೆ ಎರಡು ಕೆಲಸ, ಒಂದು ಸಂಬಳ. ಆದರೂ ಮಗಳಿಗೆ ಜ್ವರ ಬಂದ ದಿನ ಇದೇ ಆಫೀಸು ನನಗೆ ಸೆರೆಮನೆಯಾಗುತ್ತದೆ. ಸಮೀಕ್ಷೆಯವರು ಮನೆ ಬೇಕೋ ಆಫೀಸು ಬೇಕೋ ಎಂದು ಕೇಳುತ್ತಾರೆಯೇ ಹೊರತು, ಮನೆಯಲ್ಲಿ ಎಷ್ಟು ಜನರಿದ್ದೀರಿ, ಚಿಲಕ ಬಾಗಿಲಿನ ಯಾವ ಕಡೆಗಿದೆ ಎಂದು ಕೇಳುವುದಿಲ್ಲ."

ನನಗಂತೂ ಇದು ಸರಿಯೆನಿಸಿತು. ಈ ಶೀನನನ್ನೇ ನೋಡಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ತೀರ್ಥಹಳ್ಳಿ ಕಡೆಯ ಅಜ್ಜನ ಮನೆ ಸೇರಿಕೊಂಡವನು, ಜೂನಿನ ಮಳೆಯಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಲ್ಯಾಪ್‌ಟಾಪಿಗೆ ಕೊಡೆ ಹಿಡಿದು, ತಾನು ನೆನೆಯುತ್ತಾ, ಕಾಲಿಗೆ ಉಂಬಳ ಕಚ್ಚಿಸಿಕೊಳ್ಳುತ್ತಾ, ಆಫೀಸು ಯಾವಾಗ ತೆರೆಯುತ್ತದೋ ಎಂದು ನಮಗೆಲ್ಲ ಫೋನಿನಲ್ಲಿ ಹಲುಬಿದ್ದ. ಅದನ್ನು ನೆನಪಿಸಿದಾಗ ಅವನು ಕೆರಳಿದ. "ಅದು ಗುಡ್ಡ, ಇದು ಮನೆ! ಬನಶಂಕರಿಯಲ್ಲಿ ನನಗೆ ಕೋಣೆಯಿದೆ, ವೈ-ಫೈ ಇದೆ, ಏಕಾಂತವಿದೆ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ತಾಯಿಯವರ ಧ್ವನಿ ಮೇಜಿನ ನಾಲ್ಕೂ ಕಡೆಗೆ ಕೇಳಿಸುವಷ್ಟು ಸ್ಪಷ್ಟವಾಗಿತ್ತು. "ಶೀನಾ, ನಾಳೆ ನೀನು ಮನೆಯಲ್ಲೇ ಇರುತ್ತೀಯಲ್ಲಾ? ಬೆಳಿಗ್ಗೆ ಗ್ಯಾಸ್ ಬರುತ್ತದೆ, ಹತ್ತಕ್ಕೆ ಸಂಪು ತೊಳೆಯುವವರು ಬರುತ್ತಾರೆ, ಮಧ್ಯಾಹ್ನ ನಿಮ್ಮ ಸೋದರತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು."

ಶೀನ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿ, ಬೆನ್ನು ತಿರುಗಿಸಿ ನಿಂತ. "ನಾಳೆ ಸಾಧ್ಯವಿಲ್ಲಮ್ಮಾ" ಎಂದ, ಅತ್ಯಂತ ವಿಷಾದದ ಸ್ವರದಲ್ಲಿ. "ನಾಳೆ ವೈಟ್‌ಫೀಲ್ಡಿಗೆ ಹೋಗಲೇಬೇಕು."