ಪುಟ್ಟಿ, ಇದನ್ನ ನಿಮ್ಮಪ್ಪನಿಗೆ ಕೇಳಿಸು

ಪುಟ್ಟೀ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ನನಗೆ ಟೈಪ್ ಮಾಡೋದು ಆಗಲ್ಲ, ಅದಕ್ಕೆ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆದರೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ. "ನಮ್ಮ ಮನೆ ಗಂಡಸರು 65 ದಾಟಲ್ಲ, ನನಗೆ ಆಗಲೇ 64" ಅಂತ ನಿಮ್ಮಪ್ಪ ಹರ್ನಿಯಾ ಆಪರೇಷನ್ ಬೇಡ ಅನ್ನುತ್ತಿದ್ದಾನೆ. ತುಮಕೂರಿನ ಮನೆಯನ್ನು ಬರೋ ಗುರುವಾರ ನಿಮ್ಮಣ್ಣನ ಹೆಸರಿಗೆ ದಾನಪತ್ರ ಮಾಡಿಸುತ್ತಾನಂತೆ. ಏನು ಮಾಡೋದು ದೊಡ್ಡಪ್ಪ ಅಂತ ಕೇಳಿದ್ದೀಯ. ಮೊದಲು ಅವನನ್ನ ಒಂದು ಮಾತು ಕೇಳು. ನನಗೆ 82. ನಾನು ಯಾವ ಮನೆ ಗಂಡಸಂತೆ?

ಕೇಳಿದರೆ "ಅಣ್ಣ ಅಮ್ಮನ ಕಡೆ ಹೋಲುತ್ತಾನೆ" ಅಂತಾನೆ. ಗೊತ್ತು ನನಗೆ. ಅವನ ಲೆಕ್ಕ ಏನು ಅಂದರೆ, ಅಪ್ಪ 62ಕ್ಕೆ ಹೋದರು, ನಮ್ಮಿಬ್ಬರ ನಡುವಿನ ತಮ್ಮ 64ಕ್ಕೆ ಹೋದ. ಅಪ್ಪ ಹೋದದ್ದು 1977ರಲ್ಲಿ. ಆಗ ಇವನಿಗೆ 16 ವರ್ಷ, ಪಾಪ. ರಾತ್ರಿ ಎದೆನೋವು ಅಂದರು. ಗ್ಯಾಸು ಇರಬೇಕು ಅಂತ ಓಮದ ಕಷಾಯ ಕೊಟ್ಟೆವು. ಬೆಳಗಿನ ತಿಪಟೂರು ಬಸ್ಸು ಬರೋಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಬೀಪಿ ಯಾರಾದರೂ ಒಂದು ಸಲ ನೋಡಿದ್ದರಾ? ನಡುವಿನವನದು ಬೀಡಿ, ನಿಮಗೆಲ್ಲ ಗೊತ್ತಿರೋದೇ. ಇದರಲ್ಲಿ ವಂಶದ ಆಯಸ್ಸು ಎಲ್ಲಿ ಬಂತು? ಒಂದು ಬಸ್ಸಿನ ಟೈಮು, ಇನ್ನೊಂದು ಬೀಡಿ ಕಟ್ಟು.

ನಾನು ಇಷ್ಟು ಜೋರಾಗಿ ಹೇಳೋದಕ್ಕೆ ಕಾರಣ ಇದೆ. ಇದೇ ಲೆಕ್ಕ ನಾನೂ ಹಾಕಿದ್ದೆ. 2003ರಲ್ಲಿ ಪೋಸ್ಟಾಫೀಸಿಂದ ರಿಟೈರ್ ಆದೆನಲ್ಲ, ಆಗ ನಮ್ಮ ಜೋಯಿಸರು ಜಾತಕ ನೋಡಿ "64ಕ್ಕೆ ಗಂಡಾಂತರ ಇದೆ" ಅಂದಿದ್ದರು. ಅಪ್ಪಂದು 62, ನಂದು 64, ಸರಿ ಹೋಯಿತು ಅಂದುಕೊಂಡೆ. ಪೆನ್ಷನ್ನಿನಲ್ಲಿ 40 ಪರ್ಸೆಂಟ್ ಕಮ್ಯೂಟ್ ಮಾಡಿಸಿದೆ, ಅಂದರೆ ತಿಂಗಳು ತಿಂಗಳು ಬರೋ ಅಷ್ಟು ಭಾಗ ಬಿಟ್ಟುಕೊಟ್ಟು ಒಟ್ಟಿಗೆ ದುಡ್ಡು ತಗೊಂಡೆ. ಕಡಿತ ಆದ ಪೆನ್ಷನ್ 15 ವರ್ಷ ಆದ ಮೇಲೆ ವಾಪಸ್ ಬರುತ್ತೆ ಸಾರ್ ಅಂತ ಕ್ಲರ್ಕ್ ಹುಡುಗ ಹೇಳಿದ. ನಾನು ನಕ್ಕೆ. ಅದನ್ನ ನೋಡೋಕೆ ಯಾರಪ್ಪ ಇರ್ತಾರೆ ಅಂದೆ. ಬಂತು, 2018ರಲ್ಲಿ. 80 ತುಂಬಿದ ಮೇಲೆ 20 ಪರ್ಸೆಂಟ್ ಜಾಸ್ತಿ ಪೆನ್ಷನ್ ಕೊಡುತ್ತಾರೆ ನಮಗೆ, ಅದೂ ಬರುತ್ತಿದೆ. ದೇವರಾಣೆ, ತಗೊಳ್ಳೋವಾಗ ನಾಚಿಕೆ ಆಗುತ್ತೆ.

64 ತುಂಬಿದ ರಾತ್ರಿ ಏನು ಮಾಡಿದೆ ಗೊತ್ತಾ? ಸ್ನಾನ ಮಾಡಿ ಒಗೆದ ಪಂಚೆ ಉಟ್ಟೆ. ಪಾಸ್‌ಬುಕ್ಕು, ಎಲ್‌ಐಸಿ ಬಾಂಡು ಎಲ್ಲ ಒಂದು ಚೀಲಕ್ಕೆ ಹಾಕಿ ನಿಮ್ಮ ದೊಡ್ಡಮ್ಮನ ತಲೆದಿಂಬಿನ ಹತ್ತಿರ ಇಟ್ಟೆ. ನಿದ್ದೆ ಬರಲಿಲ್ಲ. ಬೆಳಿಗ್ಗೆ ಹಾಲಿನವನು ಬಂದು "ಸ್ವಾಮಿ, ಹೋದ ತಿಂಗಳದ್ದು ಬಾಕಿ ಇದೆ" ಅಂದ. ಅಷ್ಟೇ ಗಂಡಾಂತರ. ಅಷ್ಟರಲ್ಲಿ ಎಡಗಣ್ಣಿಗೆ ಪೊರೆ ಬಂದಿತ್ತು. ಎರಡು ವರ್ಷಕ್ಕೆ ಯಾಕೆ ಆಪರೇಷನ್ ಅಂತ ಬಿಟ್ಟಿದ್ದೆ. ಆ ಎರಡು ವರ್ಷ ಅನ್ನೋದು ಆರು ವರ್ಷ ಆಯಿತು. ಪೇಪರ್ ಓದೋಕಾಗದೆ ಕೂತಿದ್ದೆ.

ಅದಕ್ಕೇ ಹೇಳೋದು, ಆಯಸ್ಸು ಎಣಿಸಿಕೊಂಡು ಆಸ್ತಿ ಬರೆಯಬೇಡಿ.

ಪೇಪರಿನಲ್ಲಿ ಸರಾಸರಿ ಆಯಸ್ಸು 70 ಅಂತ ಬರುತ್ತಲ್ಲ, ಅದನ್ನ ನೋಡಿ ನಿಮ್ಮಪ್ಪನಂಥವರು ಇನ್ನಾರೇ ವರ್ಷ ಅಂದುಕೊಳ್ಳುತ್ತಾರೆ. ಹಾಗಲ್ಲ ಅದು. ಸ್ವಾತಂತ್ರ್ಯ ಬಂದಾಗ ಆ ಸರಾಸರಿ 32ರ ಹತ್ತಿರ ಇತ್ತು. ಹಾಗಂತ ಆಗ ಎಲ್ಲರೂ 32ಕ್ಕೆ ಸಾಯುತ್ತಿದ್ದರಾ? ಕೂಸುಗಳು ಜಾಸ್ತಿ ಹೋಗುತ್ತಿದ್ದವು, ಅವನ್ನೂ ಸೇರಿಸಿದ ಲೆಕ್ಕ ಅದು. ಈಗ ನಮ್ಮ ದೇಶದಲ್ಲಿ 60 ಮುಟ್ಟಿದವರಿಗೆ ಇನ್ನೂ ಸುಮಾರು 18 ವರ್ಷ ಇರುತ್ತೆ. ಹೆಂಗಸರಿಗೆ ಇನ್ನೂ ಸ್ವಲ್ಪ ಜಾಸ್ತಿ. ಇದನ್ನ ಹೇಳಿದ್ದು ಓದುತ್ತಿರೋ ನನ್ನ ಮೊಮ್ಮಗಳು. ಆಫ್ರಿಕಾದ ಮಲಾವಿಯಲ್ಲಿ ಹಳ್ಳಿಯವರ ಮುಂದೆ ಹತ್ತು ಕಾಳು ಇಟ್ಟು, ಇಷ್ಟು ವರ್ಷದೊಳಗೆ ಸಾಯುವ ಸಾಧ್ಯತೆ ಎಷ್ಟು, ಅಷ್ಟು ಕಾಳು ತಟ್ಟೆಗೆ ಹಾಕಿ ಅಂತ ಕೇಳಿದರಂತೆ. ನಿಜವಾಗಿ ಸಾಯೋದಕ್ಕಿಂತ ತುಂಬ ಜಾಸ್ತಿ ಕಾಳು ಬಿದ್ದವಂತೆ. ಸಾವು ನೋಡಿ ನೋಡಿ ಹೆದರಿದವರು, ಇನ್ನೇನು ಹಾಕುತ್ತಾರೆ. ನನ್ನ ಮುಂದೂ ಅವರೆಕಾಳು ಇಟ್ಟಳು. ನಾನು ಒಂದೂ ಮುಟ್ಟಲಿಲ್ಲ. ಒಂದು ಸಲ ಎಣಿಸಿದ್ದೇ ಸಾಕಾಗಿದೆ.

ಆ ಕಮ್ಯೂಟೇಷನ್ ದುಡ್ಡು ಎಲ್ಲಿ ಹೋಯಿತು ಅಂತ ಕೇಳಿ. ಮಹಡಿ ಕಟ್ಟಿಸಿದೆ. 2004ರಲ್ಲಿ ಇಡೀ ಮನೆ ಬರೆದುಕೊಟ್ಟೆ. ಯಾರಿಗೆ ಅಂತ ಹೇಳಲ್ಲ, ಅವರೂ ಈ ಗ್ರೂಪಿನಲ್ಲೇ ಇದ್ದಾರೆ. ಈಗ ಕ್ಯಾಲೆಂಡರ್ ನೇತುಹಾಕೋಕೆ ಒಂದು ಮೊಳೆ ಹೊಡೆಯಬೇಕಾದರೂ ಕೇಳಬೇಕು. ಹೋದ ವರ್ಷ ಕಾರು ನಿಲ್ಲಿಸೋಕೆ ಜಾಗ ಬೇಕು ಅಂತ ತುಳಸಿ ಕಟ್ಟೆ ತೆಗೆಸಿದರು. ನಿಮ್ಮ ದೊಡ್ಡಮ್ಮ ಪೇಂಟ್ ಡಬ್ಬದಲ್ಲಿ ತುಳಸಿ ನೆಟ್ಟುಕೊಂಡು ಅದಕ್ಕೇ ನೀರು ಹಾಕುತ್ತಾಳೆ. ಬೈದಿಲ್ಲ ಯಾರೂ, ಊಟಕ್ಕೆ ಕಡಿಮೆ ಮಾಡಿಲ್ಲ, ಅದನ್ನೂ ಹೇಳಬೇಕು. ಆದರೂ ನನ್ನ ಸಿಮೆಂಟು ಅದು. ನನ್ನ 80ಕ್ಕೆ ಸಹಸ್ರಚಂದ್ರ ದರ್ಶನ ಮಾಡೋಣ ಅಂದವರು, ಅದನ್ನೂ ಮರೆತರು. ಇರಲಿ ಬಿಡಿ.

ಏನೋ ಹೇಳೋಕೆ ಹೊರಟಿದ್ದೆ. ಹಾಂ, ಗುರುವಾರ. ಪುಟ್ಟೀ, ಇದು ಮುಖ್ಯ, ನಿಮ್ಮಪ್ಪ ತನ್ನ ಆಯಸ್ಸು ಎಣಿಸಿದ, ನಿಮ್ಮಮ್ಮಂದು ಎಣಿಸಿದನಾ? ಅವಳಿಗೆ ಇನ್ನೂ 55. ಅವನ ಲೆಕ್ಕವೇ ಸರಿ ಅಂದುಕೊಂಡರೂ, ಅವಳು ಇನ್ನು 25 ವರ್ಷ ಆ ಮನೆಯಲ್ಲಿ ಇರಬೇಕಾಗಬಹುದು. ಅವನದು ಫ್ಯಾಕ್ಟರಿ ಪೆನ್ಷನ್, ಅದೇ ಕಡಿಮೆ, ಅವನು ಹೋದ ಮೇಲೆ ಅವಳಿಗೆ ಅದರಲ್ಲಿ ಅರ್ಧ. ಮನೆಯೂ ಕೈಬಿಟ್ಟರೆ?

ದಾನಪತ್ರ ಬೇಡ, ವಿಲ್ ಬರೆಯಲಿ. ಇಬ್ಬರು ಸಾಕ್ಷಿ ಇದ್ದರೆ ಸಾಕು, ಮನಸ್ಸು ಬದಲಾದರೆ ಬದಲಾಯಿಸಬಹುದು. ಮೊದಲು ನಿಮ್ಮಮ್ಮನಿಗೆ, ಅವಳ ನಂತರ ಮಕ್ಕಳಿಗೆ ಅಂತ ಬರೆಯಲಿ. ದಾನಪತ್ರವೇ ಮಾಡುತ್ತೇನೆ ಅಂತ ಹಠ ಹಿಡಿದರೆ, ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕು ಅನ್ನೋ ಷರತ್ತು ಪತ್ರದಲ್ಲೇ ಇರಲಿ. ಅದು ಇದ್ದು ಮಕ್ಕಳು ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಎ.ಸಿ. (ಅಸಿಸ್ಟೆಂಟ್ ಕಮಿಷನರ್) ಹತ್ತಿರ ಹೋಗಿ ಪತ್ರ ರದ್ದು ಮಾಡಿಸೋಕೆ ದಾರಿ ಇದೆ. ನಾನು ಬರೆದದ್ದು ಅದಕ್ಕೂ ಮೂರು ವರ್ಷ ಮೊದಲು, ನನಗೆ ಅದೂ ಇಲ್ಲ. ಇನ್ನೊಂದು ಸಲ ಹೇಳುತ್ತೇನೆ, ಆಯಸ್ಸು ಎಣಿಸಿಕೊಂಡು ಆಸ್ತಿ ಬರೆಯಬೇಡಿ.

ಹರ್ನಿಯಾ ವಿಷಯ ಮರೆತೆ ನೋಡು. ಸೋಮವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ, ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಬರೋ ವಿಷಯ ಮಾತ್ರ ಅವನಿಗೆ ಹೇಳಬೇಡ. ಅಯ್ಯೋ, ಅವನೂ ಇದೇ ಗ್ರೂಪಿನಲ್ಲಿ ಇದ್ದಾನಲ್ಲ. ಇದನ್ನ ಅಳಿಸೋದು ಹೇಗೆ?