ಫೋಟೋದಲ್ಲಿ ಒಂದು ಕಡೆ ಕತ್ತಲು, ಜಿಂಪ್‌ನಲ್ಲಿ (ಫೋಟೋ ತಿದ್ದೋ ಸಾಫ್ಟ್‌ವೇರ್) ಸರಿ ಮಾಡೋದು ಹೇಗೆ?

ತಾತನ ಹಳೇ ಲೆಕ್ಕದ ಪುಸ್ತಕ ಮೊಬೈಲಲ್ಲಿ ಫೋಟೋ ತೆಗ್ದೆ, ಕಿಟಕಿ ಕಡೆ ಬೆಳ್ಳಗಿದೆ ಇನ್ನೊಂದು ಕಡೆ ಕತ್ತಲು, ಬ್ರೈಟ್‌ನೆಸ್ ಜಾಸ್ತಿ ಮಾಡಿದ್ರೆ ಬೆಳಕಿದ್ದ ಕಡೆ ಅಕ್ಷರಾನೇ ಮಾಯ. ಏನ್ ಮಾಡ್ಲಿ?

ಉತ್ತರ 1: ಲೇಯರ್ (ಫೋಟೋ ಇರೋ ಪದರ) ಡೂಪ್ಲಿಕೇಟ್ ಮಾಡಿ, ಮೇಲಿನದಕ್ಕೆ ಗಾಸಿಯನ್ ಬ್ಲರ್ (ಚಿತ್ರ ಮಸುಕು ಮಾಡೋ ಫಿಲ್ಟರ್) ಹಾಕಿ, ಅಕ್ಷರ ಪೂರ್ತಿ ಕರಗಿ ಬರೀ ನೆರಳು ಬೆಳಕು ಉಳಿಯೋ ತನಕ ಮಸುಕಿನ ಅಳತೆ (Size) ಏರಿಸಿ, ಆಮೇಲೆ ಆ ಮೇಲಿನ ಲೇಯರ್ ಮೋಡ್ (ಕೆಳಗಿನದರ ಜೊತೆ ಬೆರೆಯೋ ರೀತಿ) ಡಿವೈಡ್‌ಗೆ ಇಡಿ. ಹಾಳೆ ಎಲ್ಲಾ ಕಡೆ ಬೆಳ್ಳಗಾಗತ್ತೆ.

ಉತ್ತರ 2: ಹಾಳೆಗೆ ಓಕೆ, ಆದ್ರೆ ಮುಖ ಇರೋ ಫೋಟೋಗೆ ಮಾತ್ರ ಇದನ್ನ ಮಾಡ್ಬೇಡಿ, ಸುಣ್ಣ ಬಳಿದಂಗೆ ಆಗತ್ತೆ. ಅಲ್ಲಿ ಡೂಪ್ಲಿಕೇಟನ್ನ ಕರ್ವ್ಸಲ್ಲಿ (ಬೆಳಕು ಹೊಂದಿಸೋ ಟೂಲ್) ಬೆಳಗಿಸಿ, ಅದರ ಲೇಯರ್ ಮಾಸ್ಕ್ (ಬಿಳಿ ಇದ್ದಲ್ಲಿ ಲೇಯರ್ ಕಾಣತ್ತೆ, ಕಪ್ಪಿದ್ದಲ್ಲಿ ಮರೆಯಾಗತ್ತೆ) ಮೇಲೆ ಕಪ್ಪು-ಬಿಳಿ ಗ್ರೇಡಿಯಂಟ್ ಎಳೀರಿ.

ಡಿವೈಡ್ ವರ್ಕ್ ಆಯ್ತು ಗುರು! ಪೆನ್ಸಿಲ್ ಗೀಟೂ ಕಾಣ್ತಿದೆ, ಯಾರ್ಯಾರು ಸಾಲ ತೀರಿಸಿಲ್ಲ ಅಂತಾನೂ ಗೊತ್ತಾಯ್ತು 😄