ಕರುವಿಗೆ ಜಂತುಹುಳು: ಸೊಪ್ಪಿನ ಔಷಧಿ ಕೊಟ್ಟು ನೋಡಿದವರು ಹೇಳಿ

ಚನ್ನರಾಯಪಟ್ಟಣದಿಂದ ಪ್ರಶ್ನೆ: ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ತಳಿ) ಹಸು, ಮೂರು ತಿಂಗಳ ಒಂದು ಕರು ಇವೆ. ಕರುವಿನ ಹೊಟ್ಟೆ ಡೊಳ್ಳಾಗಿದೆ, ಕೂದಲು ಒರಟಾಗಿದೆ, ಮಣ್ಣು ನೆಕ್ಕುತ್ತದೆ. ಒಂದು ಹಸು ಗಬ್ಬ, ಇನ್ನೊಂದು ಕರಾವಿನಲ್ಲಿದೆ. ಅಂಗಡಿ ಔಷಧಿ ಕೊಟ್ಟರೆ ಕೆಲವು ದಿನ ಡೇರಿಗೆ ಹಾಲು ಹಾಕುವಂತಿಲ್ಲ ಅಲ್ವಾ? ಬೇವು, ಪರಂಗಿ ಬೀಜ ಇಂಥದ್ದು ಯಾರಿಗಾದರೂ ನಿಜವಾಗಿ ಕೆಲಸ ಮಾಡಿದೆಯಾ?

ಬೇಲೂರು: ನಾನು ಎನ್‌ಡಿಡಿಬಿಯವರು (ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ) ಹೇಳಿಕೊಡುವ ಉಂಡೆ ಮಾಡುತ್ತೇನೆ. ಜೀರಿಗೆ, ಸಾಸಿವೆ, ಮೆಣಸು ಅರ್ಧ ಗಂಟೆ ನೆನೆಸಬೇಕು. ಈರುಳ್ಳಿ, ಬೆಳ್ಳುಳ್ಳಿ, ಅರಿಶಿನ, ಹಾಗಲಕಾಯಿ, ಬಾಳೆದಿಂಡು, ಒಂದೊಂದು ಹಿಡಿ ಬೇವಿನ ಸೊಪ್ಪು ಮತ್ತು ತುಂಬೆ ಸೇರಿಸಿ ರುಬ್ಬಿ. ಬೆಲ್ಲ ಕಲಸಿ ಸಣ್ಣ ಉಂಡೆ ಕಟ್ಟಿ, ಉಪ್ಪು ಸವರಿ ತಿನ್ನಿಸಿ. ದಿನಕ್ಕೊಮ್ಮೆ, ಮೂರು ದಿನ. ಹಾಲು ಕರೆದ ಮೇಲೆ ಕೊಡಿ, ಇಲ್ಲದಿದ್ದರೆ ಬೆಳ್ಳುಳ್ಳಿ ವಾಸನೆ ಹಾಲಿಗೆ ಬರುತ್ತದೆ. ನಮ್ಮ ಹಸು ಮೇವು ತಿನ್ನುವುದು ಜಾಸ್ತಿ ಆಯಿತು. ಹುಳು ಹೋಯಿತಾ ಅಂದರೆ, ಸಗಣಿ ಪರೀಕ್ಷೆ ಮಾಡಿಸಿರಲಿಲ್ಲ, ಆಣೆ ಮಾಡಿ ಹೇಳಲಾರೆ. ತುಂಬೆ ಹುಡುಕುವುದಕ್ಕೇ ಅರ್ಧ ದಿನ ಬೇಕು.

ಕಡೂರು: ನಮ್ಮದು ಕುರಿ. ಎರಡು ವರ್ಷ ಬೇವಿನ ಸೊಪ್ಪು, ಬೇವಿನ ಹಿಂಡಿ ಅಂತ ನಂಬಿಕೊಂಡಿದ್ದೆ. ಮಳೆ ಹಿಡಿದ ಮೇಲೆ ನಾಲ್ಕು ಮರಿಗಳ ಗದ್ದದ ಕೆಳಗೆ ನೀರಿನ ಚೀಲ ಇಳಿಯಿತು. ಕಣ್ಣಿನ ರೆಪ್ಪೆ ತೆಗೆದು ನೋಡಿದರೆ ಒಳಗೆ ಸುಣ್ಣದ ಬಿಳಿ. ಹೀಮಾಂಕಸ್ ಅನ್ನುವ ರಕ್ತ ಹೀರುವ ಹುಳು ಅದು. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕುಡಿಯುತ್ತದಂತೆ. ಹೊಟ್ಟೆಯಲ್ಲಿ ಸಾವಿರ ಹುಳು ಇದ್ದರೆ ಲೆಕ್ಕ ಹಾಕಿ, ದಿನಕ್ಕೆ 50 ಮಿಲಿ! ಆವಾಗಲೂ ಕಷಾಯ ಅಂತ ಕೂತೆ. ಎರಡು ಮರಿ ಸತ್ತವು. ತಪ್ಪು ಬೇವಿನದಲ್ಲ, ನನ್ನದು. ಈಗ ಹಿಕ್ಕೆ ಪರೀಕ್ಷೆ ಮಾಡಿಸಿಯೇ ಕೊಡುತ್ತೇನೆ, ಕೊಟ್ಟು 10-14 ದಿನಕ್ಕೆ ಇನ್ನೊಮ್ಮೆ ಮಾಡಿಸುತ್ತೇನೆ. ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಎಣಿಕೆ ಇಳಿದಿದ್ದರೆ ಔಷಧಿ ಕೆಲಸ ಮಾಡಿದೆ ಅಂತ ಅರ್ಥ. ಅಂಗಡಿ ಔಷಧಿಗೂ ಇದೇ ಲೆಕ್ಕ. ಒಂದನ್ನೇ ಪದೇ ಪದೇ ಕೊಟ್ಟರೆ ಹುಳು ಅದಕ್ಕೂ ಬಗ್ಗುವುದಿಲ್ಲ.

ತರೀಕೆರೆ: ಅಡಿಕೆ ಪುಡಿ ಕೊಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ಅದರಲ್ಲಿರುವ ಅರೆಕೋಲಿನ್ ಲಾಡಿಹುಳಕ್ಕೆ ಲಕ್ವ ಹೊಡೆಸುತ್ತದೆ, ಹಿಂದೆ ನಾಯಿಗಳಿಗೆ ಕೊಡುತ್ತಿದ್ದರು. ಆದರೆ ಪ್ರಮಾಣ ಸ್ವಲ್ಪ ತಪ್ಪಿದರೂ ಜೊಲ್ಲು, ಭೇದಿ, ಎದೆಬಡಿತ ಇಳಿಯುವುದು. ನಮ್ಮ ತೋಟದಲ್ಲೇ ಅಡಿಕೆ ಬೆಳೆಯುತ್ತೇವೆ, ಒಂದು ಚೂರೂ ಕರುವಿಗೆ ಕೊಡುವುದಿಲ್ಲ. ಗಬ್ಬದ ಹಸುವಿಗೆ ಪರಂಗಿ ಬೀಜವೂ ಬೇಡ.

ಹೊಳೆನರಸೀಪುರ: ಗದ್ದೆ ಬದುವಿನ ಹುಲ್ಲು ಹಾಕುತ್ತೀರಾ? ಹಾಗಾದರೆ ಲಿವರ್ ಫ್ಲೂಕ್ (ಪಿತ್ತಜನಕಾಂಗದ ಹುಳು) ಇದೆಯಾ ನೋಡಿಸಿ. ನಮ್ಮ ಕಡೆ ನಾಲೆ ನೀರು, ಬಸವನಹುಳು ಜಾಸ್ತಿ. ಮರಿ ಹುಳು ಬಸವನಹುಳುವಿನಲ್ಲಿ ಬೆಳೆದು ಹುಲ್ಲಿಗೆ ಅಂಟಿಕೊಳ್ಳುತ್ತದೆ, ದನ ಹುಲ್ಲಿನ ಜೊತೆ ನುಂಗುತ್ತದೆ. ಅದು ಕೂರುವುದು ಪಿತ್ತನಾಳದಲ್ಲಿ, ಕರುಳಿನಲ್ಲಲ್ಲ. ಸೊಪ್ಪಿನ ಉಂಡೆಯನ್ನು ಅದಕ್ಕೆ ನಂಬಬೇಡಿ. ಇನ್ನು ಗಬ್ಬದ ಹಸುವಿನ ವಿಷಯ. ಆಲ್ಬೆಂಡಜೋಲ್ ಅನ್ನುವ ಹುಳದ ಔಷಧಿ ಗಬ್ಬದ ಮೊದಲ ದಿನಗಳಲ್ಲಿ ಕೊಡಬಾರದು. ಇನ್ನೊಂದು ಔಷಧಿ ಫೆನ್‌ಬೆಂಡಜೋಲ್ ಆಗುತ್ತದಾ ಅಂತ ಡಾಕ್ಟರನ್ನು ಕೇಳಿ.

ಸಕಲೇಶಪುರ: ಏನೇ ಕುಡಿಸಿದರೂ ಗೊಟ್ಟ ಹಾಕುವಾಗ ಮೂತಿ ತುಂಬ ಮೇಲೆತ್ತಬೇಡಿ, ನಾಲಿಗೆ ಎಳೆಯಬೇಡಿ. ನಮ್ಮ ಒಂದು ಕರು ಹುಳದಿಂದ ಸಾಯಲಿಲ್ಲ. ಕಷಾಯ ಶ್ವಾಸಕೋಶಕ್ಕೆ ಹೋಗಿ ಸತ್ತಿತು.

ಚನ್ನರಾಯಪಟ್ಟಣದಿಂದ ಮತ್ತೆ: ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆ ಮೂರರದ್ದೂ ಬಿಸಿ ಸಗಣಿ, ನೆಲಕ್ಕೆ ಬೀಳುವ ಮುಂಚೆಯೇ ಹಿಡಿದು, ಮೂರು ಡಬ್ಬಿಯಲ್ಲಿ ಕೊಟ್ಟು ಬಂದೆ. ಕರುವಿನದರಲ್ಲಿ ದುಂಡುಹುಳುವಿನ ಮೊಟ್ಟೆ ರಾಶಿ ಇದೆಯಂತೆ. ಅದಕ್ಕೆ ಡಾಕ್ಟರ್ ಔಷಧಿಯೇ ಕುಡಿಸಿದೆ, ಅದರ ಹಾಲು ಹೇಗೂ ಡೇರಿಗೆ ಹೋಗುವುದಿಲ್ಲವಲ್ಲ! ಗಬ್ಬದ ಹಸುವಿನದರಲ್ಲಿ ಏನೂ ಕಾಣಲಿಲ್ಲ, ಸುಮ್ನೆ ಬಿಟ್ಟಿದ್ದೇನೆ. ಕರಾವಿನ ಹಸುವಿನದರಲ್ಲಿ ಮೊಟ್ಟೆ ಸ್ವಲ್ಪವೇ ಇವೆ, ಅದಕ್ಕೆ ಬೇಲೂರಿನವರ ಉಂಡೆ ಕೊಟ್ಟು ಎರಡು ವಾರಕ್ಕೆ ಮತ್ತೆ ಎಣಿಸುತ್ತೇನೆ. ಆದರೆ ಈ ಬಿಸಿಲಿಗೆ ತುಂಬೆ ಎಲ್ಲೂ ಕಾಣುತ್ತಿಲ್ಲ. ಹತ್ತಿರದಲ್ಲಿ ಯಾರ ತೋಟದಲ್ಲಾದರೂ ಇದ್ದರೆ ಹೇಳಿ, ಬಂದು ಕಿತ್ತುಕೊಳ್ಳುತ್ತೇನೆ.